ನೋಯದೆ ಬೆಳೆಯುವ ಕೇಡು: ಕೊಲೆಸ್ಟರಾಲನ್ನು ಕುರಿತು ಗೃಹಿಣಿಯರಿಗೆ ಒಂದು ಪಾಠ



ಶಾಲೆಯ ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ವಿದ್ಯೆ, ಶಿಸ್ತು, ಸೌಶೀಲ್ಯ ಇವುಗಳಲ್ಲಿ ಒಂದನ್ನು ಕುರಿತಿರುವುದು ವಾಡಿಕೆ. ಈ ಸಾರಿ ಆ ವಾಡಿಕೆಯನ್ನು ಬಿಟ್ಟು, ರಕ್ತದಲ್ಲಿರುವ ಕೊಬ್ಬಿನ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವನ್ನು ಮೊದಲೇ ತಿಳಿಸಿಬಿಡುತ್ತೇವೆ.

ಇದೇ ಶಾಲೆಯಲ್ಲಿ ನಮ್ಮೊಡನೆ ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಗೆಳತಿಯೊಬ್ಬಳು ಕಳೆದ ವರ್ಷದ ಹಳೇ ವಿದ್ಯಾರ್ಥಿನಿಯರ ಕೂಟಕ್ಕೆ ಬರಲಿಲ್ಲ. ಅವಳಿಗೆ ಆಗ ನಾಲ್ವತ್ತಾರು ವರ್ಷ. ಕೂಟಕ್ಕೆ ಮೂರು ವಾರ ಮೊದಲು, ಬೆಳಗಿನ ಜಾವದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾಗ ಅವಳಿಗೆ ದವಡೆಯಲ್ಲಿಯೂ ಬೆನ್ನಿನಲ್ಲಿಯೂ ನೋವು ಕಾಣಿಸಿತು; ಹೊಟ್ಟೆ ತೊಳಸಿತು; ಮೈಯೆಲ್ಲ ಬೆವರಿತು. ವಾಯುವಿನ ಉಪದ್ರವವೆಂದು ಎಣಿಸಿ ಜೀರಿಗೆಯ ಕಷಾಯ ಕುಡಿದು, ಎಲ್ಲರಿಗೂ ಬುತ್ತಿ ಕಟ್ಟಿ, ಅವರನ್ನು ಬಾಗಿಲವರೆಗೆ ಕಳುಹಿಸಿದ ಮೇಲೆಯೇ ಅವಳು ಕುಸಿದು ಬಿದ್ದಳು. ನೆರೆಮನೆಯವರು ತಡಮಾಡದೆ ಆಸ್ಪತ್ರೆಗೆ ಒಯ್ದುದರಿಂದ ಬದುಕಿಕೊಂಡಳು. ಹೃದಯಕ್ಕೆ ರಕ್ತವನ್ನು ಒದಗಿಸುವ ನಾಳವೊಂದು ಮುಚ್ಚಿಹೋಗಿತ್ತು. ನಾವು ನೋಡಲು ಹೋದಾಗ ಅವಳು ಹೇಳಿದ ಮಾತು ಇದು: “ಅವರ ರಕ್ತವನ್ನು ಪ್ರತಿ ವರ್ಷವೂ ಪರೀಕ್ಷೆ ಮಾಡಿಸಿದೆ. ಅತ್ತೆಯವರದನ್ನೂ ಮಾಡಿಸಿದೆ. ನನ್ನದನ್ನು ಮಾಡಿಸಬೇಕೆಂದು ನನಗೆ ತೋಚಲೇ ಇಲ್ಲ.”

ಆ ಮಾತು ನಮಗೆ ನಾಟಿತು. ಯಾಕಂದರೆ ನಮ್ಮ ತಾಯಿಯವರು ಐವತ್ತೆಂಟನೆಯ ವಯಸ್ಸಿನಲ್ಲಿ ಹೃದಯಾಘಾತದಿಂದಲೇ ತೀರಿಕೊಂಡವರು. ಹಾಗಿದ್ದಾಗ್ಯೂ ನಾವು ಸಹ ಒಂದು ಸಾರಿಯಾದರೂ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಮರುವಾರವೇ ಮಾಡಿಸಿಕೊಂಡೆವು. ಅದರ ಫಲವನ್ನು ತಕ್ಕ ಸ್ಥಳದಲ್ಲಿ ಹೇಳುವೆವು. ಈಗ ಪಾಠವನ್ನು ಕ್ರಮವಾಗಿ ಆರಂಭಿಸೋಣ.

೧. ಕೊಲೆಸ್ಟರಾಲ್ ಎಂದರೇನು?

ಇದು ಮೇಣದಂತಿರುವ ಒಂದು ಪದಾರ್ಥ. ಪಿತ್ತಕೋಶದಲ್ಲಿ ಉಂಟಾಗುವ ಕಲ್ಲುಗಳಲ್ಲಿ ಇದನ್ನು ಮೊದಲು ಕಂಡುಹಿಡಿದುದರಿಂದ, ಪಿತ್ತವೆಂದೂ ಗಟ್ಟಿಯೆಂದೂ ಅರ್ಥವುಳ್ಳ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಇದಕ್ಕೆ ಹೆಸರಿಟ್ಟರು. ಹೆಸರು ಕೇಳಿದ ಮಾತ್ರಕ್ಕೆ ಇದನ್ನು ವಿಷವೆಂದು ತಿಳಿಯಬಾರದು. ನಮ್ಮ ಶರೀರದ ಪ್ರತಿಯೊಂದು ಜೀವಕೋಶದ ಹೊರಪೊರೆಗೂ, ಅನ್ನವನ್ನು ಅರಗಿಸುವ ಪಿತ್ತರಸಕ್ಕೂ, ಹಲವು ಹಾರ್ಮೋನುಗಳಿಗೂ, ‘ಡಿ’ ಜೀವಸತ್ವಕ್ಕೂ ಇದು ಬೇಕೇ ಬೇಕು. ಬೇಕಾದ ಹೆಚ್ಚಿನ ಭಾಗವನ್ನು ಶರೀರವೇ, ಅದರಲ್ಲಿಯೂ ಯಕೃತ್ತು, ತಯಾರಿಸಿಕೊಳ್ಳುವುದು. ಆದುದರಿಂದಲೇ ಮಾಂಸವನ್ನಾಗಲಿ ಮೊಟ್ಟೆಯನ್ನಾಗಲಿ ಎಂದೂ ಮುಟ್ಟದವರಲ್ಲಿಯೂ, ತೆಳ್ಳಗಿರುವವರಲ್ಲಿಯೂ ಇದು ಹೆಚ್ಚಾಗಬಹುದು. “ನಾವು ಸಸ್ಯಾಹಾರಿಗಳು, ನಮಗೇಕೆ ಪರೀಕ್ಷೆ?” ಎಂಬ ಮಾತಿಗೆ ಆಧಾರವಿಲ್ಲ.

ಸಾರಿನ ಮೇಲೆ ಎಣ್ಣೆ ತೇಲುವುದನ್ನು ನೀವು ದಿನವೂ ನೋಡುತ್ತೀರಿ. ಕೊಬ್ಬು ನೀರಿನಲ್ಲಿ ಕರಗದು, ರಕ್ತದಲ್ಲಿಯೂ ಹಾಗೆಯೇ. ಆದಕಾರಣ ಶರೀರವು ಅದನ್ನು ಸಸಾರಜನಕದ ಹೊದಿಕೆಯುಳ್ಳ ಸಣ್ಣ ಸಣ್ಣ ಮೂಟೆಗಳಲ್ಲಿ ಕಟ್ಟಿ ಸಾಗಿಸುವುದು. ಎಲ್.ಡಿ.ಎಲ್. ಎಂಬ ಮೂಟೆಗಳು ಕೊಲೆಸ್ಟರಾಲನ್ನು ಅಂಗಾಂಗಗಳಿಗೆ ಒಯ್ಯುತ್ತವೆ. ಎಚ್.ಡಿ.ಎಲ್. ಎಂಬವು ಉಳಿದುದನ್ನು ಯಕೃತ್ತಿಗೆ ಹಿಂದೆ ತರುತ್ತವೆ. ಇವಲ್ಲದೆ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಬಗೆಯ ಕೊಬ್ಬೂ ರಕ್ತದಲ್ಲಿ ಉಂಟು. ಎಲ್.ಡಿ.ಎಲ್. ಮಿತಿಮೀರಿದಾಗ ಅದು ರಕ್ತನಾಳದ ಗೋಡೆಯೊಳಗೆ ನುಸುಳಿ ಅಲ್ಲಿಯೇ ನಿಂತುಬಿಡುವುದು; ಅದರ ಸುತ್ತ ಊತವುಂಟಾಗಿ ಗೋಡೆ ದಪ್ಪವಾಗುವುದು. ಇದು ಒಂದೆರಡು ದಿನಗಳ ಕೆಲಸವಲ್ಲ, ಇಪ್ಪತ್ತು ಮೂವತ್ತು ವರ್ಷಗಳ ಕೆಲಸ. ಕೊನೆಗೆ ಒಂದು ದಿನ ಆ ದಪ್ಪವಾದ ಸ್ಥಳವು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳವು ಮುಚ್ಚಿಕೊಳ್ಳುವುದು. ಹೃದಯದಲ್ಲಾದರೆ ಹೃದಯಾಘಾತ, ಮಿದುಳಿನಲ್ಲಾದರೆ ಪಾರ್ಶ್ವವಾಯು. ಅಲ್ಲಿಯವರೆಗೆ ನೋವಿಲ್ಲ, ಜ್ವರವಿಲ್ಲ, ದಣಿವೂ ಇಲ್ಲ.

ಈ ಜ್ಞಾನವು ಮನುಷ್ಯರಿಗೆ ಒಂದೇ ದಿನದಲ್ಲಿ ದೊರಕಲಿಲ್ಲ. ೧೯೧೩ರಲ್ಲಿ ರಷ್ಯಾ ದೇಶದ ನಿಕೊಲಾಯ್ ಅನಿಚ್ಕೊವ್ ಎಂಬ ವಿದ್ವಾಂಸರು ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ ಅವುಗಳ ರಕ್ತನಾಳಗಳು ಕೆಡುವುದನ್ನು ತೋರಿಸಿದರು. ೧೯೪೮ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ ೫,೨೦೯ ಮಂದಿ ಸ್ತ್ರೀಪುರುಷರನ್ನು ಆರಿಸಿಕೊಂಡು, ಅವರ ಆರೋಗ್ಯವನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿ ಬರೆದಿಡಲು ತೊಡಗಿದರು. ಕೊಲೆಸ್ಟರಾಲ್, ರಕ್ತದ ಒತ್ತಡ, ಧೂಮಪಾನ ಇವುಗಳಿಗೂ ಹೃದ್ರೋಗಕ್ಕೂ ಇರುವ ಸಂಬಂಧವು ಸ್ಪಷ್ಟವಾದುದು ಮುಖ್ಯವಾಗಿ ಆ ಪಟ್ಟಣದವರಿಂದ. ರಕ್ತದಲ್ಲಿರುವ ಎಲ್.ಡಿ.ಎಲ್. ಅನ್ನು ಯಕೃತ್ತು ಹೇಗೆ ಹಿಡಿದು ತೆಗೆಯುವುದೆಂಬುದನ್ನು ಕಂಡುಹಿಡಿದ ಮೈಕೇಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೀನ್ ಎಂಬಿಬ್ಬರಿಗೆ ೧೯೮೫ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

೨. ಇದು ಗಂಡಸರ ರೋಗವೇ?

ಹಾಗೆಂಬ ಎಣಿಕೆಯೇ ನಮ್ಮ ಗೆಳತಿಯನ್ನು ಕೆಡಿಸಿತು. ಮುಟ್ಟು ನಿಲ್ಲುವ ಕಾಲದವರೆಗೆ ಸ್ತ್ರೀಯರಿಗೆ ಈ ರೋಗವು ಪುರುಷರಿಗಿಂತ ಕಡಿಮೆಯೆಂಬುದು ನಿಜ. ಆದರೆ ಆ ವಯಸ್ಸು ಸಮೀಪಿಸಿದಂತೆ ಎಲ್.ಡಿ.ಎಲ್. ಏರತೊಡಗುವುದು, ಅನಂತರ ಸ್ತ್ರೀಯರಿಗೆ ವಿಶೇಷ ರಕ್ಷಣೆಯೇನೂ ಉಳಿಯದು. ಇದಲ್ಲದೆ ನಮ್ಮ ದೇಶದವರಿಗೆ ಈ ಕೇಡು ಬೇಗ ತಗಲುವುದು. ಐವತ್ತೆರಡು ದೇಶಗಳಲ್ಲಿ ನಡೆಸಿದ ಇಂಟರ್‌ಹಾರ್ಟ್ ಎಂಬ ಅಧ್ಯಯನದಲ್ಲಿ, ಭಾರತವೂ ಸೇರಿದಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಸರಾಸರಿ ೫೩ನೆಯ ವಯಸ್ಸಿನಲ್ಲಿಯೂ, ಉಳಿದ ದೇಶದವರಿಗೆ ಸುಮಾರು ೫೯ನೆಯ ವಯಸ್ಸಿನಲ್ಲಿಯೂ ಆದುದು ಕಂಡುಬಂತು. ಆರು ವರ್ಷವೆಂದರೆ ಐದನೆಯ ತರಗತಿಯ ಮಗಳು ಕಾಲೇಜು ಸೇರುವಷ್ಟು ಕಾಲ!

ಸ್ತ್ರೀಯರಲ್ಲಿ ಹೃದಯಾಘಾತದ ಗುರುತುಗಳು ಯಾವಾಗಲೂ ಎದೆಯನ್ನು ಹಿಂಡುವ ನೋವಾಗಿಯೇ ಬರಬೇಕೆಂದಿಲ್ಲ. ಉಸಿರು ಕಟ್ಟುವುದು, ದವಡೆ ಅಥವಾ ಬೆನ್ನಿನ ನೋವು, ಓಕರಿಕೆ, ತಣ್ಣನೆಯ ಬೆವರು, ಕಾರಣವಿಲ್ಲದ ವಿಪರೀತ ಆಯಾಸ ಇವುಗಳ ರೂಪದಲ್ಲಿಯೂ ಬರಬಹುದು. ಹಾಗಾದಾಗ ಕಷಾಯ ಕಾಸುತ್ತ ಕೂರದೆ, ಕೂಡಲೇ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗತಕ್ಕದ್ದು. ಬುತ್ತಿಯನ್ನು ಇನ್ನೊಬ್ಬರು ಕಟ್ಟಿಯಾರು.

೩. ಪರೀಕ್ಷೆ ಮತ್ತು ಅದರ ಅಂಕಗಳು

ನೋವಿಲ್ಲದ ರೋಗವನ್ನು ಅರಿಯಲು ಪರೀಕ್ಷೆಯಲ್ಲದೆ ಬೇರೆ ದಾರಿಯಿಲ್ಲ. ತೋಳಿನಿಂದ ಸ್ವಲ್ಪ ರಕ್ತ ತೆಗೆದು ಮಾಡುವ ಈ ಪರೀಕ್ಷೆಗೆ ಲಿಪಿಡ್ ಪ್ರೊಫೈಲ್ ಎಂದು ಹೆಸರು. ನಮ್ಮ ದೇಶದ ಹೃದ್ರೋಗತಜ್ಞರ ಸಂಘವು ೨೦೨೪ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ಮೊದಲ ಪರೀಕ್ಷೆಯನ್ನು ಹದಿನೆಂಟನೆಯ ವಯಸ್ಸಿನಲ್ಲಿಯೇ ಮಾಡಿಸಬೇಕೆಂದೂ, ಅದಕ್ಕೆ ಉಪವಾಸವು ಅವಶ್ಯವಲ್ಲವೆಂದೂ ತಿಳಿಸುತ್ತದೆ. ಟ್ರೈಗ್ಲಿಸರೈಡ್ ತೀರ ಹೆಚ್ಚಾಗಿ ಕಂಡರೆ ಮಾತ್ರ ಉಪವಾಸವಿದ್ದು ಮತ್ತೊಮ್ಮೆ ಮಾಡಿಸಲು ವೈದ್ಯರು ಹೇಳುವರು.

ಪರೀಕ್ಷೆಯ ಕಾಗದ ಕೈಗೆ ಬಂದಾಗ ಮೊದಲು ಎಲ್.ಡಿ.ಎಲ್. ಎಂಬ ಸಾಲನ್ನು ನೋಡಬೇಕು. ಒಂದು ಡೆಸಿಲೀಟರು ರಕ್ತದಲ್ಲಿ ಇಷ್ಟು ಮಿಲಿಗ್ರಾಮು ಎಂಬುದು ಇಲ್ಲಿಯ ಅಳತೆ. ಸಾಮಾನ್ಯವಾಗಿ ೧೦೦ಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದು. ೧೩೦ರಿಂದ ೧೫೯ರವರೆಗೆ ಎಚ್ಚರಿಕೆಯ ಮೇರೆ. ೧೬೦ರ ಮೇಲೆ ಹೆಚ್ಚು. ೧೯೦ ಅಥವಾ ಅದಕ್ಕೂ ಮೇಲಿದ್ದರೆ ಬಹಳ ಹೆಚ್ಚು. ಎಚ್.ಡಿ.ಎಲ್. ಸ್ತ್ರೀಯರಲ್ಲಿ ೫೦ಕ್ಕಿಂತ ಕಡಿಮೆಯಿದ್ದರೆ ಸಾಲದು. ಟ್ರೈಗ್ಲಿಸರೈಡ್ ೧೫೦ಕ್ಕಿಂತ ಕೆಳಗಿರಬೇಕು.

ಆದರೆ ಒಂದೇ ಅಂಕವು ಎಲ್ಲರಿಗೂ ಒಂದೇ ಅರ್ಥವನ್ನು ಕೊಡದು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮೂತ್ರಪಿಂಡದ ರೋಗ, ಹೊಗೆಸೊಪ್ಪಿನ ಅಭ್ಯಾಸ ಇವುಗಳಲ್ಲಿ ಯಾವುದಾದರೂ ಇದ್ದರೆ, ಅಥವಾ ತಂದೆಗೋ ಅಣ್ಣತಮ್ಮಂದಿರಿಗೋ ೫೫ ವರ್ಷಕ್ಕೆ ಮೊದಲು, ತಾಯಿಗೋ ಅಕ್ಕತಂಗಿಯರಿಗೋ ೬೫ ವರ್ಷಕ್ಕೆ ಮೊದಲು ಹೃದ್ರೋಗ ಬಂದಿದ್ದರೆ, ಅಪಾಯವು ಹೆಚ್ಚು. ಈಗಾಗಲೇ ಹೃದಯಾಘಾತವಾದವರಿಗೆ ಎಲ್.ಡಿ.ಎಲ್. ಅನ್ನು ೭೦ಕ್ಕಿಂತಲೂ, ಕೆಲವೊಮ್ಮೆ ೫೫ಕ್ಕಿಂತಲೂ ಕೆಳಗೆ ಇಳಿಸಲು ವೈದ್ಯರು ಯತ್ನಿಸುವರು. ಆದಕಾರಣ ನೆರೆಮನೆಯವಳ ಕಾಗದದೊಡನೆ ನಿಮ್ಮ ಕಾಗದವನ್ನು ಹೋಲಿಸಿ ಸಮಾಧಾನಪಟ್ಟುಕೊಳ್ಳಕೂಡದು. ಇನ್ನೊಂದು ಮಾತು: ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದಾಗಲೂ ಕೊಲೆಸ್ಟರಾಲ್ ಏರುವುದು. ಈ ದೋಷವು ಸ್ತ್ರೀಯರಲ್ಲಿಯೇ ಅಧಿಕವಾದುದರಿಂದ ಅದನ್ನೂ ಪರೀಕ್ಷಿಸುವುದು ಒಳ್ಳೆಯದು.

ನಮ್ಮ ಎಲ್.ಡಿ.ಎಲ್. ೧೭೨ ಎಂದು ಬಂತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ದೊರೆತುದಕ್ಕಾಗಿ ನಾವು ದುಃಖಪಟ್ಟುದು ಇದೇ ಮೊದಲು. ಥೈರಾಯ್ಡ್ ಸರಿಯಾಗಿತ್ತು, ಸಕ್ಕರೆಯೂ ಒತ್ತಡವೂ ಸರಿಯಾಗಿದ್ದವು. ವೈದ್ಯರು ತಾಯಿಯವರ ವಿಚಾರವನ್ನು ಕೇಳಿ ಬರೆದುಕೊಂಡು, “ಮೂರು ತಿಂಗಳು ಆಹಾರವನ್ನೂ ದಿನಚರಿಯನ್ನೂ ತಿದ್ದಿಕೊಂಡು ಬನ್ನಿರಿ, ಆಮೇಲೆ ನೋಡೋಣ” ಎಂದರು.

೪. ಅಡಿಗೆಮನೆಯಲ್ಲಿ ಮಾಡತಕ್ಕ ತಿದ್ದುಪಡಿ

ಎಲ್.ಡಿ.ಎಲ್. ಅನ್ನು ಏರಿಸುವುದರಲ್ಲಿ ಆಹಾರದೊಳಗಿನ ಕೊಲೆಸ್ಟರಾಲಿಗಿಂತಲೂ ಹೆಚ್ಚಿನ ದೋಷವು ತಣ್ಣಗಾದಾಗ ಗಟ್ಟಿಯಾಗುವಂಥ ಕೊಬ್ಬಿನದು. ಇದನ್ನು ಪಾಠಪುಸ್ತಕಗಳಲ್ಲಿ ಪರ್ಯಾಪ್ತ ಕೊಬ್ಬು ಎನ್ನುವರು. ತುಪ್ಪ, ಬೆಣ್ಣೆ, ಕೆನೆ, ಹಂದಿ ಕುರಿಗಳ ಮಾಂಸದ ಕೊಬ್ಬು, ತಾಳೆಯೆಣ್ಣೆ ಇವುಗಳಲ್ಲಿ ಅದು ಬಹಳ. ಇನ್ನು ಕರಾವಳಿಯವರಾದ ನಮಗೆ ಕಹಿಯಾದ ಒಂದು ಮಾತನ್ನು ಹೇಳಬೇಕಾಗಿದೆ. ತೆಂಗಿನೆಣ್ಣೆಯ ನೂರು ಭಾಗದಲ್ಲಿ ಎಂಬತ್ತಕ್ಕೂ ಹೆಚ್ಚು ಭಾಗ ಪರ್ಯಾಪ್ತ ಕೊಬ್ಬು. ತುಪ್ಪದಲ್ಲಿಯಾದರೂ ಅದು ಸುಮಾರು ಅರುವತ್ತು ಭಾಗವೇ. ಅಂಗಡಿಯ ಡಬ್ಬಿಯ ಮೇಲೆ “ಕೊಲೆಸ್ಟರಾಲ್ ಇಲ್ಲ” ಎಂದು ಬರೆದಿರುವುದನ್ನು ಕಂಡು ಮೋಸಹೋಗಬಾರದು. ಸಸ್ಯದಿಂದ ತೆಗೆದ ಯಾವ ಎಣ್ಣೆಯಲ್ಲಿಯೂ ಹೇಳತಕ್ಕಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಆ ಎಣ್ಣೆಯು ನಮ್ಮ ಯಕೃತ್ತಿನಿಂದ ಏನು ಮಾಡಿಸುತ್ತದೆಂಬುದೇ ಮುಖ್ಯವಾದ ಪ್ರಶ್ನೆ.

ಹಾಗಾದರೆ ತೆಂಗನ್ನು ಬಿಟ್ಟುಬಿಡಬೇಕೋ? ಅಂಥ ಅಪ್ಪಣೆಯನ್ನು ಕೊಟ್ಟರೆ ಯಾರೂ ಪಾಲಿಸಲಾರರು, ನಾವೂ ಪಾಲಿಸಲಾರೆವು. ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಹೀಗಿದೆ: ಒಗ್ಗರಣೆಗೂ ಹುರಿಯುವುದಕ್ಕೂ ನೆಲಗಡಲೆ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ, ತಲೆಯೊಂದಕ್ಕೆ ತಿಂಗಳಿಗೆ ಅರ್ಧ ಲೀಟರಿಗಿಂತ ಹೆಚ್ಚು ಎಣ್ಣೆ ಇಲ್ಲ. ಮಸಾಲೆಗೆ ಒಂದು ಕಾಯಿ ತುರಿಯುತ್ತಿದ್ದಲ್ಲಿ ಅರ್ಧ ಕಾಯಿ. ಕಾಯಿಹಾಲಿನ ಪದಾರ್ಥ ಹಬ್ಬಕ್ಕೆ ಮಾತ್ರ. ಮೊದಲ ವಾರ ಸಾರು ಬಡವಾಯಿತೆಂದು ತೋರಿತು. ಮೂರನೆಯ ವಾರದಲ್ಲಿ ಯಾರೂ ಅದನ್ನು ಎತ್ತಿ ಆಡಲಿಲ್ಲ.

ವನಸ್ಪತಿಯಿಂದ ಮಾಡಿದ ಬೇಕರಿಯ ಪಫ್, ಬಿಸ್ಕತ್ತು, ಮತ್ತೆ ಮತ್ತೆ ಕಾಸಿದ ಎಣ್ಣೆಯಲ್ಲಿ ಕರಿದ ತಿಂಡಿ ಇವುಗಳಲ್ಲಿ ಟ್ರಾನ್ಸ್ ಕೊಬ್ಬು ಎಂಬ ಇನ್ನೂ ಕೆಟ್ಟ ವಸ್ತು ಇರಬಹುದು. ಅದು ಎಲ್.ಡಿ.ಎಲ್. ಅನ್ನು ಏರಿಸಿ ಎಚ್.ಡಿ.ಎಲ್. ಅನ್ನು ಇಳಿಸುವುದು. ಎಣ್ಣೆ ಕೊಬ್ಬುಗಳಲ್ಲಿ ಇದು ನೂರಕ್ಕೆ ಎರಡು ಭಾಗವನ್ನು ಮೀರಕೂಡದೆಂದು ನಮ್ಮ ದೇಶದಲ್ಲಿ ೨೦೨೨ರ ಜನವರಿಯಿಂದ ಕಟ್ಟಳೆಯಿದೆ. ಆದರೂ ಕರಿದ ಎಣ್ಣೆಯನ್ನು ಮರಳಿ ಬಾಣಲೆಗೆ ಸುರಿಯುವ ಕೈ ನಮ್ಮದೇ ಆಗಿದ್ದರೆ ಕಟ್ಟಳೆಯು ಏನು ಮಾಡೀತು?

ಬಿಡತಕ್ಕುದನ್ನು ಹೇಳಿದಂತೆ ಸೇರಿಸತಕ್ಕುದನ್ನೂ ಹೇಳೋಣ. ನೀರಿನಲ್ಲಿ ನೆನೆದು ಲೋಳೆಯಾಗುವಂಥ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಸಾಗಿಸುವುದು. ಹೊಸ ಪಿತ್ತರಸವನ್ನು ಮಾಡಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲನ್ನು ಸೆಳೆದುಕೊಳ್ಳಬೇಕಾಗುವುದು. ಈ ನಾರು ಹುರುಳಿ, ಹೆಸರು, ಅಲಸಂದೆ, ಕಡಲೆ ಮೊದಲಾದ ಕಾಳುಗಳಲ್ಲಿಯೂ, ಮೆಂತ್ಯ, ಬೆಂಡೆ, ಪೇರಳೆಹಣ್ಣು, ಬಾರ್ಲಿ, ಓಟ್ಸ್ ಇವುಗಳಲ್ಲಿಯೂ ಉಂಟು. ಬಡವರ ಆಹಾರವೆಂದು ನಾವು ಮರೆತ ಹುರುಳಿಯ ಸಾರನ್ನು ವಾರಕ್ಕೆರಡು ಸಾರಿ ಮತ್ತೆ ಮಾಡತೊಡಗಿದೆವು. ಒಂದು ಹಿಡಿ ನೆಲಗಡಲೆಯೋ ಬಾದಾಮಿಯೋ ಕರಿದ ತಿಂಡಿಗಿಂತ ಮೇಲು. ಮೀನು ಒಳ್ಳೆಯದು, ಅದರಲ್ಲಿಯೂ ಬೂತಾಯಿ, ಬಂಗುಡೆಗಳಂಥ ಅಗ್ಗದ ಮೀನುಗಳಲ್ಲಿ ಹೃದಯಕ್ಕೆ ಹಿತವಾದ ಎಣ್ಣೆ ಇದೆ. ಆದರೆ ಅವನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯದೆ ಪದಾರ್ಥ ಮಾಡಿ ಉಣ್ಣಬೇಕು. ಕೋಳಿಯಾದರೆ ಚರ್ಮ ತೆಗೆದು ಬೇಯಿಸುವುದು. ಮೊಟ್ಟೆಯ ಹಳದಿಯಲ್ಲಿ ಸುಮಾರು ೨೦೦ ಮಿಲಿಗ್ರಾಮು ಕೊಲೆಸ್ಟರಾಲ್ ಉಂಟು; ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆ ದೋಷವಲ್ಲ, ಎಲ್.ಡಿ.ಎಲ್. ಹೆಚ್ಚಿರುವವರು ವೈದ್ಯರನ್ನು ಕೇಳಿ ಮಿತಿಯನ್ನು ಇಟ್ಟುಕೊಳ್ಳಲಿ.

ಟ್ರೈಗ್ಲಿಸರೈಡ್ ಹೆಚ್ಚಿರುವವರು ಎಣ್ಣೆಗಿಂತಲೂ ಸಕ್ಕರೆ, ಮೈದಾ, ತಟ್ಟೆಯ ತುಂಬ ಬಿಳಿಯನ್ನ, ಮದ್ಯ ಇವುಗಳನ್ನು ಕಡಿಮೆಮಾಡಬೇಕು. ಹಬ್ಬದ ಕುಸ್ವಾರಿನ ತಟ್ಟೆಯನ್ನು ನೆರೆಹೊರೆಗೆ ಧಾರಾಳವಾಗಿ ಹಂಚುವ ನಮ್ಮ ಹಿರಿಯರ ಪದ್ಧತಿಯನ್ನು ಇನ್ನಷ್ಟು ಧಾರಾಳವಾಗಿ ನಡೆಸಿ, ಮನೆಯಲ್ಲಿ ಸ್ವಲ್ಪವೇ ಉಳಿಸಿಕೊಳ್ಳುವುದು ಲೇಸು.

ಮುಖ್ಯವಾಗಿ, ರೋಗಿಗೊಂದು ಗಡಿಗೆ, ಉಳಿದವರಿಗೊಂದು ಗಡಿಗೆ ಎಂದು ಅಡಿಗೆಯನ್ನು ಎರಡು ಮಾಡಬೇಡಿರಿ. ಎರಡು ಮಾಡುವವಳು ಬೇಗ ದಣಿಯುವಳು. ಉಳಿದುದನ್ನೆಲ್ಲ ವ್ಯರ್ಥವಾಗಬಾರದೆಂದು ತಾನೇ ತಿನ್ನುವಳು. ರೋಗಿಗೆ ಹಿತವಾದ ಈ ಊಟವು ಮಕ್ಕಳಿಗೂ ಹಿತವೇ.

೫. ದಿನಚರಿ

“ದಿನವೆಲ್ಲ ಮನೆಗೆಲಸದಲ್ಲಿ ನಿಂತೇ ಇರುತ್ತೇವೆ, ಮತ್ತೇಕೆ ನಡೆಯಬೇಕು?” ಎಂದು ಕೇಳುವ ತಾಯಂದಿರಿದ್ದಾರೆ. ನಿಲ್ಲುವುದು ಬೇರೆ, ಉಸಿರು ಸ್ವಲ್ಪ ಏರುವಂತೆ ಬಿರುಸಾಗಿ ನಡೆಯುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ತಿಳಿಸಿದಂತೆ, ಪ್ರಾಯದವರು ವಾರಕ್ಕೆ ೧೫೦ ನಿಮಿಷವಾದರೂ ಇಂಥ ವ್ಯಾಯಾಮವನ್ನು ಮಾಡಬೇಕು. ಎಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ವ್ಯಾಯಾಮವು ಎಲ್.ಡಿ.ಎಲ್. ಅನ್ನು ಅಷ್ಟಾಗಿ ಇಳಿಸದಿದ್ದರೂ ಟ್ರೈಗ್ಲಿಸರೈಡನ್ನು ತಗ್ಗಿಸುವುದು, ಒತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಡುವುದು, ಸೊಂಟದ ಸುತ್ತಿನ ಕೊಬ್ಬನ್ನು ಕರಗಿಸುವುದು.

ಹೊಗೆಸೊಪ್ಪು ಯಾವ ರೂಪದಲ್ಲಿದ್ದರೂ ರಕ್ತನಾಳಗಳಿಗೆ ವೈರಿ. ಬೀಡಿ ಸಿಗರೇಟುಗಳನ್ನು ಮುಟ್ಟದ ಅಜ್ಜಿಯರು ವೀಳ್ಯದೊಡನೆ ಹೊಗೆಸೊಪ್ಪು ಜಗಿಯುವುದುಂಟು, ಅದನ್ನು ಮರೆಯಬಾರದು. ಮನೆಯ ಗಂಡಸರು ಸೇದಿ ಬಿಡುವ ಹೊಗೆಯು ಹೆಂಡತಿ ಮಕ್ಕಳ ಹೃದಯವನ್ನೂ ಕೆಡಿಸುವುದೆಂಬುದನ್ನು ತಂದೆಗಳು ದಯವಿಟ್ಟು ಮನಸ್ಸಿನಲ್ಲಿಡಲಿ.

ಮೂರು ತಿಂಗಳು ನಾವು ಈ ನಿಯಮಗಳನ್ನು ಪಾಲಿಸಿದೆವು. ಸಂಜೆ ಶಾಲೆ ಬಿಟ್ಟ ಮೇಲೆ ಆಟದ ಬಯಲನ್ನು ಹನ್ನೆರಡು ಸುತ್ತು ನಡೆದೆವು. ಹುಡುಗಿಯರು ಮೊದಲು ನಕ್ಕರು, ಆಮೇಲೆ ಜೊತೆಗೂಡಿದರು. ಎಲ್.ಡಿ.ಎಲ್. ೧೭೨ರಿಂದ ೧೫೪ಕ್ಕೆ ಇಳಿಯಿತು. ನಮಗೆ ಸಂತೋಷವೂ ಆಯಿತು, ನಿರಾಶೆಯೂ ಆಯಿತು. ವೈದ್ಯರು ಹೀಗೆಂದರು: “ನೀವು ಮಾಡಬಹುದಾದುದನ್ನು ಮಾಡಿದ್ದೀರಿ. ಉಳಿದುದು ನಿಮ್ಮ ತಪ್ಪಲ್ಲ, ತಾಯಿಯವರಿಂದ ಬಂದ ಪಾಲು. ಅದಕ್ಕೆ ಮಾತ್ರೆ ಬೇಕು.”

೬. ಔಷಧ

ವೈದ್ಯರು ಕೊಟ್ಟುದು ಸ್ಟಾಟಿನ್ ಎಂಬ ಜಾತಿಯ ಮಾತ್ರೆ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಎಂಬವು ಇದರಲ್ಲಿ ಸೇರಿದವು. ಇದರ ಮೂಲವು ಅನ್ನ ಉಣ್ಣುವವರಾದ ನಮಗೆ ಸ್ವಾರಸ್ಯವಾದುದು. ಜಪಾನಿನ ಅಕಿರಾ ಎಂಡೊ ಎಂಬವರು ಸುಮಾರು ಆರು ಸಾವಿರ ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ, ಅಕ್ಕಿಯ ಮೇಲೆ ಬೆಳೆದಿದ್ದ ನೀಲಿಹಸುರು ಬಣ್ಣದ ಒಂದು ಬೂಷ್ಟಿನಲ್ಲಿ ೧೯೭೩ರಲ್ಲಿ ಮೊದಲ ಸ್ಟಾಟಿನನ್ನು ಕಂಡುಹಿಡಿದರು. ಈ ಜಾತಿಯ ಔಷಧವು ೧೯೮೭ರಲ್ಲಿ ಅಮೆರಿಕದಲ್ಲಿ ರೋಗಿಗಳಿಗೆ ದೊರೆಯುವಂತಾಯಿತು. ಇದು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಾಗುವುದನ್ನು ತಡೆಯುವುದು. ಆಗ ಯಕೃತ್ತು ತನಗೆ ಬೇಕಾದುದನ್ನು ರಕ್ತದಲ್ಲಿರುವ ಎಲ್.ಡಿ.ಎಲ್. ನಿಂದ ಎಳೆದುಕೊಳ್ಳುವುದು. ಮಾತ್ರೆಯ ಬಲಕ್ಕೆ ತಕ್ಕಂತೆ ಎಲ್.ಡಿ.ಎಲ್. ನೂರಕ್ಕೆ ಮೂವತ್ತರಿಂದ ಐವತ್ತು ಭಾಗ ಇಳಿಯುವುದು.

ಅಂಕ ಇಳಿದರೆ ಪ್ರಾಣ ಉಳಿಯುವುದೋ ಎಂದು ಕೇಳುವುದು ನ್ಯಾಯವೇ. ಹೃದ್ರೋಗವುಳ್ಳ ೪,೪೪೪ ಮಂದಿಯನ್ನು ಎರಡು ಪಾಲುಮಾಡಿ ಉತ್ತರ ಯೂರೋಪಿನ ದೇಶಗಳಲ್ಲಿ ನಡೆಸಿದ ಪರೀಕ್ಷೆಯ ಫಲವು ೧೯೯೪ರಲ್ಲಿ ಪ್ರಕಟವಾಯಿತು. ಸುಮಾರು ಐದೂವರೆ ವರ್ಷಗಳಲ್ಲಿ, ಹುಸಿಮಾತ್ರೆ ನುಂಗಿದವರಲ್ಲಿ ೨೫೬ ಮಂದಿ ಸತ್ತಿದ್ದರು. ಸ್ಟಾಟಿನ್ ನುಂಗಿದವರಲ್ಲಿ ೧೮೨ ಮಂದಿ. ಎರಡು ಪಾಲುಗಳ ನಡುವಣ ಎಪ್ಪತ್ತನಾಲ್ಕು ಜೀವಗಳ ಅಂತರವೇ ಇದಕ್ಕೆ ಉತ್ತರ.

ಎರಡು ತಿಂಗಳಲ್ಲಿ ನಮ್ಮ ಎಲ್.ಡಿ.ಎಲ್. ೯೬ಕ್ಕೆ ಇಳಿಯಿತು. ಈಗ ನಮ್ಮ ತಪ್ಪನ್ನು ಒಪ್ಪಿಕೊಳ್ಳುವ ಸ್ಥಳಕ್ಕೆ ಬಂದೆವು. ಪರೀಕ್ಷೆ ಪಾಸಾಯಿತೆಂದು ಪುಸ್ತಕವನ್ನು ಅಟ್ಟಕ್ಕೆ ಎಸೆಯುವ ಹುಡುಗಿಯಂತೆ, ಗುಣವಾಯಿತೆಂದು ನಾವೇ ತೀರ್ಮಾನಿಸಿ ಮಾತ್ರೆಯನ್ನು ಬಿಟ್ಟೆವು. ಯಾರನ್ನೂ ಕೇಳಲಿಲ್ಲ. ಮೂರು ತಿಂಗಳ ಮೇಲೆ ನೋಡಿದಾಗ ಅದು ೧೬೧! ವೈದ್ಯರು ಸಿಟ್ಟಾಗಲಿಲ್ಲ. “ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟ ಕಟ್ಟಿದೆವು. ನೀರು ನುಗ್ಗಲಿಲ್ಲವೆಂದು ನೀವು ಕಟ್ಟವನ್ನೇ ಕಿತ್ತುಹಾಕಿದಿರಿ” ಎಂದಷ್ಟೇ ಹೇಳಿದರು. ಇಪ್ಪತ್ತು ವರ್ಷಗಳಿಂದ ಬೇರೆಯವರ ಮಕ್ಕಳನ್ನು ತಿದ್ದುತ್ತಿರುವ ನಮಗೆ ಆ ಒಂದು ಮಾತು ಸಾಕಾಯಿತು. ಮಾತ್ರೆಯು ಕೊಲೆಸ್ಟರಾಲನ್ನು ಅಂಕೆಯಲ್ಲಿಡುವುದೇ ಹೊರತು ಅದರ ಬೇರನ್ನು ಕೀಳುವುದಿಲ್ಲ. ಕಾಗದದಲ್ಲಿ ಒಳ್ಳೆಯ ಅಂಕ ಕಂಡಾಗ ಮಾತ್ರೆಯನ್ನು ಬಿಡಬೇಕೆಂದಲ್ಲ, ಅದು ಕೆಲಸ ಮಾಡುತ್ತಿದೆಯೆಂದು ತಿಳಿಯಬೇಕು.

ಈ ಮಾತ್ರೆಗಳಿಂದ ತೊಂದರೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಕೆಲವರಿಗೆ ಸ್ನಾಯುಗಳು ನೋಯುವುವು. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಸಕ್ಕರೆಯು ಸ್ವಲ್ಪ ಏರಬಹುದು. ಯಕೃತ್ತಿನ ಸ್ಥಿತಿಯನ್ನು ವೈದ್ಯರು ಪರೀಕ್ಷಿಸುವರು. ಆದರೆ ಇಂಗ್ಲೆಂಡಿನಲ್ಲಿ ತೊಂದರೆಯಾಯಿತೆಂದು ಸ್ಟಾಟಿನ್ ಬಿಟ್ಟ ಅರುವತ್ತು ಮಂದಿಗೆ, ಯಾವುದೆಂದು ತಿಳಿಸದೆ ಕೆಲವು ತಿಂಗಳು ನಿಜವಾದ ಮಾತ್ರೆಯನ್ನೂ ಕೆಲವು ತಿಂಗಳು ಹುಸಿಮಾತ್ರೆಯನ್ನೂ ಕೊಟ್ಟು ನೋಡಿದರು. ಅವರು ಅನುಭವಿಸಿದ ಪೀಡೆಯಲ್ಲಿ ನೂರಕ್ಕೆ ತೊಂಬತ್ತು ಭಾಗವು ಹುಸಿಮಾತ್ರೆಯಿಂದಲೂ ಉಂಟಾಗಿತ್ತೆಂದು ೨೦೨೦ರಲ್ಲಿ ತಿಳಿದುಬಂತು. ಆದಕಾರಣ ಮೈನೋವು ಬಂದರೆ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯದೆ ವೈದ್ಯರಿಗೆ ತಿಳಿಸತಕ್ಕದ್ದು. ಸ್ನಾಯುನೋವು ತೀವ್ರವಾಗಿ ಮೂತ್ರದ ಬಣ್ಣ ಕಪ್ಪಾದರೆ ಅದೇ ದಿನ ಹೋಗತಕ್ಕದ್ದು. ಅವರು ಪ್ರಮಾಣವನ್ನು ತಗ್ಗಿಸುವರು, ಬೇರೆ ಸ್ಟಾಟಿನ್ ಕೊಡುವರು, ಅಥವಾ ಕರುಳು ಕೊಲೆಸ್ಟರಾಲನ್ನು ಹೀರುವುದನ್ನು ತಡೆಯುವ ಎಜೆಟಿಮೈಬ್ ಎಂಬ ಮಾತ್ರೆಯನ್ನು ಸೇರಿಸುವರು. ಇವುಗಳಿಂದಲೂ ಸಾಲದವರಿಗೆ ಈಗ ಚುಚ್ಚುಮದ್ದುಗಳೂ ಇವೆ.

ನಮ್ಮ ಕಿರಿಯ ಹಳೇ ವಿದ್ಯಾರ್ಥಿನಿಯರಿಗೆ ವಿಶೇಷವಾದ ಒಂದು ಎಚ್ಚರಿಕೆ: ಗರ್ಭಿಣಿಯಾಗಬೇಕೆಂದಿರುವವರೂ, ಗರ್ಭಿಣಿಯರೂ, ಹಾಲೂಡಿಸುವ ತಾಯಂದಿರೂ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಸಾಮಾನ್ಯವಾಗಿ ಆ ಕಾಲದಲ್ಲಿ ಸ್ಟಾಟಿನನ್ನು ನಿಲ್ಲಿಸುವರು. ಬೇರೆ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದರೆ ಅವುಗಳ ಹೆಸರನ್ನೂ ಹೇಳಬೇಕು. ಬೆಳ್ಳುಳ್ಳಿ, ಮೆಂತ್ಯದ ನೀರು ಮೊದಲಾದವನ್ನು ಆಹಾರವಾಗಿ ಸೇವಿಸಲಿ, ಅಡ್ಡಿಯಿಲ್ಲ. ಆದರೆ ವೈದ್ಯರು ಬರೆದುಕೊಟ್ಟ ಮಾತ್ರೆಯ ಸ್ಥಾ‌ನವನ್ನು ಅವುಗಳಿಗೆ ಕೊಡಕೂಡದು.

೭. ಮಕ್ಕಳ ಪಾಲು

ಕೆಲವು ಕುಟುಂಬಗಳಲ್ಲಿ ಎಲ್.ಡಿ.ಎಲ್. ಹುಟ್ಟಿನಿಂದಲೇ ಬಹಳ ಹೆಚ್ಚಾಗಿರುವುದು. ಸುಮಾರು ಇನ್ನೂರೈವತ್ತು ಮುನ್ನೂರು ಮಂದಿಗೆ ಒಬ್ಬರಂತೆ ಇಂಥವರಿರುತ್ತಾರೆ; ತಂದೆತಾಯಿಗಳಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧದಷ್ಟು. ಹಿಮ್ಮಡಿಯ ಮೇಲಿನ ನರದಲ್ಲೋ ಬೆರಳ ಗೆಣ್ಣುಗಳ ಮೇಲೋ ಗಂಟುಗಳು, ಎಳೆಯ ಪ್ರಾಯದಲ್ಲಿಯೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿಯ ಉಂಗುರ ಇವು ಅದರ ಗುರುತುಗಳಾಗಿರಬಹುದು. ಮನೆಯಲ್ಲಿ ಯಾರಿಗಾದರೂ ಎಲ್.ಡಿ.ಎಲ್. ೧೯೦ನ್ನು ಮುಟ್ಟಿದ್ದರೆ, ಅಥವಾ ಎಳೆಯ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ, ಹದಿನೆಂಟು ವರ್ಷದವರೆಗೆ ಕಾಯದೆ ಮಕ್ಕಳನ್ನೂ ವೈದ್ಯರಿಗೆ ತೋರಿಸಬೇಕು. ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಇಂಥ ಸಂಗತಿಯನ್ನು ಮುಚ್ಚಿಡುವ ತಾಯಂದಿರನ್ನು ನಾವು ಬಲ್ಲೆವು. ಮುಚ್ಚಿಟ್ಟರೆ ಮಗಳಿಗೆ ಚಿಕಿತ್ಸೆಯೂ ತಪ್ಪುವುದು.

ಮುಗಿಸುವ ಮುಂಚೆ

ಈ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಇತರರ ಸೇವೆಯನ್ನು ಕಲಿಸಿದೆವು. ಅದಕ್ಕಾಗಿ ನಾವು ಪಶ್ಚಾತ್ತಾಪಪಡುವುದಿಲ್ಲ. ಆದರೆ ಎಲ್ಲರ ತಟ್ಟೆಯನ್ನೂ ನೋಡುವವಳು ತನ್ನ ತಟ್ಟೆಯನ್ನೂ ನೋಡಬೇಕೆಂಬುದನ್ನು ಸಾಕಷ್ಟು ಒತ್ತಿ ಹೇಳಿದೆವೋ ಎಂಬುದು ಸಂದೇಹ. ಆ ಕೊರತೆಯನ್ನು ಈ ಲೇಖನದಿಂದ ಸ್ವಲ್ಪವಾದರೂ ತುಂಬಿಕೊಡಲು ಪ್ರಯತ್ನಿಸಿದ್ದೇವೆ. ನಮ್ಮ ಗೆಳತಿಯು ಈಗ ದಿನವೂ ಮಾತ್ರೆ ನುಂಗುತ್ತಾಳೆ, ಸಂಜೆ ಮಗಳೊಡನೆ ನಡೆಯುತ್ತಾಳೆ. ಈ ವರ್ಷದ ಕೂಟಕ್ಕೆ ಬರುವುದಾಗಿ ತಿಳಿಸಿದ್ದಾಳೆ. ನಮ್ಮ ಎಲ್.ಡಿ.ಎಲ್. ಈಗ ೯೮. ಮಾತ್ರೆಯನ್ನು ಬಿಟ್ಟಿಲ್ಲ.

ಪಾಠದ ಕೊನೆಗೆ ಪ್ರಶ್ನೆಗಳಿರುವುದು ಶಾಲೆಯ ಕ್ರಮ. ಇವುಗಳಿಗೆ ಉತ್ತರವನ್ನು ಮನೆಯಲ್ಲಿ ಎಲ್ಲರೂ ಕೂಡಿ ಬರೆಯಿರಿ.

(೧) ನಿಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುವುದು? ಅದನ್ನು ಉಣ್ಣುವವರ ಸಂಖ್ಯೆಯಿಂದ ಭಾಗಿಸಿರಿ.

(೨) ನಿಮ್ಮ ಕುಟುಂಬದಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆದವರು ಯಾರು? ಆಗ ಅವರ ವಯಸ್ಸೆಷ್ಟು?

(೩) ಮನೆಯಲ್ಲಿ ಯಾರಾದರೂ ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟಿದ್ದಾರೋ?

(೪) ಮನೆಯ ಯಜಮಾನರ ರಕ್ತವನ್ನು ಕೊನೆಯ ಸಾರಿ ಪರೀಕ್ಷಿಸಿದುದು ಯಾವಾಗ? ಅಡಿಗೆ ಮಾಡುವವಳದನ್ನು?

ನಾಲ್ಕನೆಯ ಪ್ರಶ್ನೆಗೆ ಉತ್ತರ ತಿಳಿಯದವರು ಇದೇ ವಾರದಲ್ಲಿ ತಿಳಿದುಕೊಳ್ಳಲಿ ಎಂದು ಬೇಡಿಕೊಳ್ಳುತ್ತೇವೆ.

— ಮುಖ್ಯೋಪಾಧ್ಯಾಯಿನಿ